ಅರ್ಧಿಂಚಣ್ಣ ಬರ್ಕೊಂಡಿದ್ದು

ನಮ್ಮ ಬೀದಿಯ ಟೈಲರ್‌ಗೆ ಎಲ್ಲರೂ ಅರ್ಧಿಂಚಣ್ಣ ಎನ್ನುತ್ತಾರೆ. ಅಳತೆ ತೆಗೆದಾದ ಮೇಲೆ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಾ, "ಒಳಗಡೆ ಅರ್ಧ ಇಂಚು ಬಿಟ್ಟಿರ್ತೀನಿ ಸಾರ್" ಎನ್ನುವುದು ಅವರ ರೂಢಿ. "ನೀವು ಇನ್ನೂ ದಪ್ಪಗಾಗ್ತೀರಿ, ಅದು ನನಗೆ ಗೊತ್ತು, ಆದರೆ ಬಾಯಿಬಿಟ್ಟು ಹೇಳಲ್ಲ" ಎಂಬುದರ ಮರ್ಯಾದೆಯ ರೂಪ ಅದು. ಇಪ್ಪತ್ತು ವರ್ಷಗಳಿಂದ ನನ್ನ ಸೊಂಟದ ವಿಷಯದಲ್ಲಿ ಇಷ್ಟು ಸಭ್ಯವಾಗಿ ನಡೆದುಕೊಂಡವರು ಅವರೊಬ್ಬರೇ. ನಮ್ಮ ಮನೆಯಲ್ಲಂತೂ ಯಾರೂ ಇಲ್ಲ.

ಅಂಗಡಿ ದೊಡ್ಡದಲ್ಲ. ಬೀದಿಗೆ ಮುಖ ಮಾಡಿದ ಹೊಲಿಗೆ ಮೆಷಿನ್, ಅಂಚಿಗೆ ಹಿತ್ತಾಳೆಯ ಅಡಿಪಟ್ಟಿ ಹೊಡೆದ ಕತ್ತರಿಸುವ ಮೇಜು, ಬಳಪದ ಚೂರುಗಳಿರುವ ಒಂದು ಡಬ್ಬಿ, ಗುಂಡಿಗಳಿರುವ ಇನ್ನೊಂದು ಡಬ್ಬಿ, ಮೂಲೆ ಒಡೆದ ನಿಲುಗನ್ನಡಿ. ಹಿಂದೆ ಒಂದು ಪರದೆ. ಪರದೆ ಸರಿಸಿದರೆ ಅವರ ಅಡುಗೆಮನೆ.

ಅಲ್ಲಿ ಇಲ್ಲದಿದ್ದ ವಸ್ತು ಎಂದರೆ ಅಳತೆ ಪುಸ್ತಕ. ಬೇರೆ ಟೈಲರ್‌ಗಳು ಗಿರಾಕಿಯ ಅಳತೆ ಬರೆದು, ಪಕ್ಕದಲ್ಲಿ ಬಟ್ಟೆಯ ಚೂರನ್ನು ಪಿನ್ ಮಾಡಿ ಇಟ್ಟುಕೊಳ್ಳುತ್ತಾರೆ. ಅರ್ಧಿಂಚಣ್ಣನಿಗೆ ಅದೆಲ್ಲ ಅವಮಾನ. "ಬರ್ಕೊಳ್ಳೋದು ತಲೆ ಸೋರೋರು ಮಾಡೋ ಕೆಲಸ ಸಾರ್" ಎನ್ನುತ್ತಿದ್ದರು. ಮೂವತ್ತೈದು ವರ್ಷದ ಗಿರಾಕಿಗಳ ಎದೆ, ತೋಳು, ಸೊಂಟ ಎಲ್ಲವೂ ಅವರ ತಲೆಯಲ್ಲಿ ಮಡಿಸಿಟ್ಟಂತೆ ಇದ್ದವು. ಹದಿನೆಂಟು ವರ್ಷ ಬಿಟ್ಟು ಬಂದವನನ್ನು ನೋಡಿ, "ನಿಮ್ದು ಬಲಗಡೆ ಭುಜ ಕಾಲಿಂಚು ಇಳೀತದಲ್ವಾ?" ಎಂದು ಕೇಳಿ ಅವನನ್ನು ಬೆಚ್ಚಿಬೀಳಿಸಿದ್ದಾರೆ. ಈ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವಿತ್ತು ಎಂದರೆ ಅದು ನಾನು ಬಿಟ್ಟ ಅರ್ಧ ಇಂಚು.

ಅಂಥವರು ಒಂದು ಮಧ್ಯಾಹ್ನ ಮೆಷಿನ್ ಮೇಲೆ ಉದ್ದನೆಯ ಪುಸ್ತಕ ಹರಡಿಕೊಂಡು, ನಾಲಿಗೆಯ ತುದಿ ಹೊರಗೆ ಹಾಕಿ, ಮೊದಲ ತರಗತಿಯ ಮಗುವಿನಂತೆ ಬರೆಯುತ್ತಾ ಕೂತಿದ್ದರು.

"ಏನಣ್ಣ, ಉಯಿಲಾ?" ಎಂದೆ.

"ಅದೊಂದು ಬಾಕಿ ಇದೆ ನೋಡಿ" ಎಂದು ಪೆನ್ನು ಕೆಳಗಿಟ್ಟರು. "ಡಾಕ್ಟ್ರ ಅಪ್ಪಣೆ ಸಾರ್. ನನ್ನ ಮಾನ ತೆಗೆದುಬಿಟ್ರು."

ವಿಷಯ ಇಷ್ಟು. ಕೂತು ಕೂತು ಅವರ ರಕ್ತದಲ್ಲಿ ಸಕ್ಕರೆ ಏರಿತ್ತು, ಹೊಟ್ಟೆ ಮುಷ್ಕರ ಹೂಡಿತ್ತು. ಬೀದಿಯ ಕೊನೆಯ ಡಾಕ್ಟರ ಬಳಿ ಹೋಗಿದ್ದರು. ಆ ಡಾಕ್ಟರು ಒಳ್ಳೆಯವರು. ಆದರೆ ಮುಖಕ್ಕೆ ಮಾಸ್ಕು, ಮಾತು ರೈಲಿನ ವೇಗ, ಕಣ್ಣು ಯಾವಾಗಲೂ ಮುಂದಿನ ರೋಗಿಯ ಮೇಲೆ.

"ಎಲ್ಲಾ ನೋಡಿ ಏನಂದ್ರು ಗೊತ್ತಾ ಸಾರ್? 'ದಿನಾ ಬರ್ಕೊಳ್ಳಿ. ಊಟದ ಜೊತೆ. ಮರೀಬೇಡಿ' ಅಂದ್ರು. ನನಗೆ! ಬರ್ಕೊಳ್ಳದೇ ಇದ್ರೆ ನಡೆಯಲ್ವಾ ಡಾಕ್ಟ್ರೇ ಅಂದೆ. 'ಇಲ್ಲ ಇಲ್ಲ, ನಿಮ್ಮ ವಯಸ್ಸಿಗೆ ಅದು ಬೇಕೇಬೇಕು' ಅಂದ್ರು. ವಯಸ್ಸಂತೆ! ಹೋಗ್ಲಿ, ಮನೆಯವಳಿಗೂನಾ ಅಂತ ಕೇಳ್ದೆ. 'ಮನೆಮಂದಿಗೆಲ್ಲಾ ಒಳ್ಳೇದು' ಅಂದ್ಬಿಟ್ರು. ಇನ್ನೇನು ಮಾಡ್ಲಿ?"

ಮಾಡಿದ್ದೇನೆಂದರೆ, ಮನೆಯಲ್ಲಿ ಇಬ್ಬರ ಬಾಯಿಗೆ ಹೋದದ್ದನ್ನೆಲ್ಲ ಟೈಲರ್ ರೀತಿಯಲ್ಲಿ ಬರೆಯತೊಡಗಿದರು. ಅಂಗಡಿಗೆ ಬಟ್ಟೆ ಬಂದರೆ ಎಷ್ಟು ಬಂತು, ಯಾರಿಗೆ ಎಷ್ಟು ಕತ್ತರಿಸಿದೆ, ಎಷ್ಟು ಉಳಿಯಿತು ಎಂದು ನೋಡುವುದು ಆ ಕಸುಬಿನ ಧರ್ಮ. ಪುಸ್ತಕವೂ ಹಾಗೇ ಇತ್ತು: ಬ್ರೆಡ್ಡು ಆರು, ನನಗೆ ನಾಲ್ಕು, ಇವಳಿಗೆ ಎರಡು. ಬಾಳೆಹಣ್ಣು ಮೂರು, ನನಗೆ ಒಂದು, ಇವಳಿಗೆ ಒಂದು, ಉಳಿಕೆ ಒಂದು. ಟೀ: ನನಗೆ ಹನ್ನೊಂದು.

"ಹನ್ನೊಂದಾ?" ಎಂದೆ.

"ಬರೆಯೋವರೆಗೂ ನಾಲ್ಕು ಅಂತಾನೇ ಅಂದ್ಕೊಂಡಿದ್ದೆ ಸಾರ್" ಎಂದು ತಲೆ ಕೆರೆದುಕೊಂಡರು.

ಪರದೆಯ ಹಿಂದಿನಿಂದ ಅಕ್ಕನ ದನಿ ಬಂತು. "ಊರೋರ ಸೊಂಟ ಎಲ್ಲಾ ನೆನಪಿರುತ್ತೆ. ತಾನು ಕುಡಿದ ಟೀ ನೆನಪಿರಲ್ಲ."

ಅಕ್ಕ ಎಂದರೆ ಅರ್ಧಿಂಚಣ್ಣನ ಹೆಂಡತಿ. ಆರು ವರ್ಷದ ಕೆಳಗೆ ಆಕೆಯ ಹೃದಯದ ಒಂದು ಕವಾಟ ಕೆಟ್ಟು, ದೊಡ್ಡಾಸ್ಪತ್ರೆಯಲ್ಲಿ ಲೋಹದ ಕವಾಟ ಹಾಕಿದ್ದರು. ಪಕ್ಕದಲ್ಲಿ ಕೂತರೆ ಅದು ಟಿಕ್ ಟಿಕ್ ಎನ್ನುವುದು ಕೇಳಿಸುತ್ತದೆ. "ನಮ್ಮನೇಲಿ ಎರಡು ಮೆಷಿನ್ ಸಾರ್. ಒಂದು ನಾನು ತುಳಿದ್ರೆ ಓಡುತ್ತೆ, ಇನ್ನೊಂದು ತಾನೇ ಓಡುತ್ತೆ" ಎಂದು ಅಣ್ಣ ನಗುತ್ತಿದ್ದರು. ನಗುವಾಗಲೂ ಅವರ ಕಿವಿ ಆ ಕಡೆಗೇ ಇರುತ್ತಿತ್ತು. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ಅಕ್ಕ ದಿನವೂ ಒಂದು ಮಾತ್ರೆ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಜೊತೆಗೆ ಊಟದಲ್ಲಿ ಒಂದು ಕಟ್ಟಳೆ: ಸೊಪ್ಪು ಒಂದೇ ಸಮ ಇರಲಿ, ಏಕಾಏಕಿ ಜಾಸ್ತಿ ಆಗಬಾರದು. ಆಕೆ ಆರು ವರ್ಷವೂ ಅದನ್ನು ಗೆರೆ ಎಳೆದಂತೆ ನಡೆಸಿಕೊಂಡು ಬಂದಿದ್ದರು.

ಮೂರು ತಿಂಗಳು ಕಳೆಯಿತು. ಅಣ್ಣ ಹನ್ನೊಂದು ಟೀಯನ್ನು ನಾಚಿಕೆಯಿಂದಲೇ ನಾಲ್ಕಕ್ಕೆ ಇಳಿಸಿದ್ದರು, ಅದೂ ಸಕ್ಕರೆ ಇಲ್ಲದೆ. ಮತ್ತೆ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿದಿತ್ತು. ಡಾಕ್ಟರ ಬಳಿಯಿಂದ ನೇರ ಅಂಗಡಿಗೆ ಬಂದ ಅವರು ಗೊಂದಲದಲ್ಲಿದ್ದರು. ಪ್ಯಾಂಟು ಸಡಿಲಿಸಲು ಹೋಗಿದ್ದ ನನ್ನನ್ನು ಸ್ಟೂಲ್ ಮೇಲೆ ಕೂರಿಸಿದರು.

"ಡಾಕ್ಟ್ರು ಭಾಳ ಖುಷಿ ಪಟ್ರು ಸಾರ್. 'ನಾನು ಹೇಳಿದ್ದು ಬಿಡ್ಲಿಲ್ಲ ತಾನೇ?' ಅಂದ್ರು. ಒಂದು ಹೊತ್ತೂ ಬಿಟ್ಟಿಲ್ಲ ಅಂದೆ. 'ದಿನಕ್ಕೆಷ್ಟು?' ಅಂದ್ರು. ಒಂದು ಪುಟ ಅಂದೆ. 'ಒಂದು ಬುಟ್ಟಿನಾ! ಅಷ್ಟೊಂದು ಬೇಡ ಮಾರಾಯ್ರೆ, ಗ್ಯಾಸ್ ಆಗುತ್ತೆ' ಅಂದ್ರು. ಅಲ್ಲ ಸಾರ್, ಬರ್ಕೊಂಡ್ರೆ ಗ್ಯಾಸ್ ಯಾಕಾಗುತ್ತೆ?"

ಎರಡು ಕ್ಷಣ ನನಗೂ ತಿಳಿಯಲಿಲ್ಲ. ಮೂರನೆಯ ಕ್ಷಣ ಮಾಸ್ಕಿನ ಹಿಂದಿನ ಆ ರೈಲುಮಾತು ನನ್ನ ಕಿವಿಯಲ್ಲೂ ಓಡಿತು. ಸ್ಟೂಲಿನಿಂದ ಬೀಳುವಷ್ಟು ನಕ್ಕೆ.

"ಅಣ್ಣಾ, ಅವರು ಹೇಳಿದ್ದು ಬರ್ಕೊಳ್ಳಿ ಅಂತಲ್ಲ. ಬ್ರಾಕೊಲಿ!"

"ಅದ್ಯಾರು?"

ನಕ್ಕು ಸುಮ್ಮನಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಫೋನಿನಲ್ಲಿ ಓದಿ ಪಂಡಿತನಾದವನು. ಕೇಳುವವರು ಸಿಕ್ಕರೆ ಬಿಡುವ ಜಾತಿಯಲ್ಲ. ಒಂದು ಬ್ರಾಕೊಲಿ ತಂದು ಕತ್ತರಿಸುವ ಮೇಜಿನ ಮೇಲೆ ಇಟ್ಟೆ. ಹಸಿರು ಮರದ ಮರಿಯಂತಿದ್ದ ಅದನ್ನು ಅಣ್ಣ ತಿರುಗಿಸಿ ತಿರುಗಿಸಿ ನೋಡಿದರು. ಅಕ್ಕನೂ ಪರದೆ ಸರಿಸಿ ಬಂದರು. ನಾನು ಶುರುಮಾಡಿದೆ. ತೂಕಕ್ಕೆ ತೂಕ ಇಟ್ಟರೆ ಕಿತ್ತಳೆಗಿಂತ ಇದರಲ್ಲಿ ಸಿ ವಿಟಮಿನ್ ಜಾಸ್ತಿ. ನಾರು ಇದೆ, ಹೊಟ್ಟೆಯ ಮುಷ್ಕರ ಮುರಿಯುತ್ತದೆ, ಊಟವಾದ ಮೇಲೆ ಸಕ್ಕರೆ ದಡಬಡ ಏರುವುದನ್ನು ನಿಧಾನ ಮಾಡುತ್ತದೆ. ಹೊಸ ರಕ್ತಕಣಕ್ಕೆ ಬೇಕಾದ ಫೋಲೇಟ್ ಇದೆ, ಮೂಳೆಗೆ ಒಂದಿಷ್ಟು ಸುಣ್ಣದ ಅಂಶ ಇದೆ. ಹೊಟ್ಟೆ ತುಂಬಿಸುತ್ತದೆ, ಕೊಬ್ಬು ಕೂಡಿಸುವುದಿಲ್ಲ. ಇದೆಲ್ಲವನ್ನೂ ಬ್ರಾಕೊಲಿಯನ್ನು ನಾನೇ ಕಂಡುಹಿಡಿದವನಂತೆ ಹೇಳಿದೆ.

"ಬೇಯಿಸೋದು ಹೇಗೆ?" ಎಂದರು ಅಕ್ಕ.

"ನೀರಲ್ಲಿ ಮುಳುಗಿಸಿ ಕುದಿಸಬಾರದು. ಸಿ ವಿಟಮಿನ್ ಎಲ್ಲಾ ನೀರಿಗೆ ಹೋಗುತ್ತೆ."

"ಬಣ್ಣ ಬಿಡೋ ಬಟ್ಟೆ" ಎಂದರು ಅಣ್ಣ, ತಕ್ಷಣ.

"ಆವೀಲಿ ನಾಲ್ಕೈದು ನಿಮಿಷ ಸಾಕು. ಹಸಿರು ಹೊಳಪು ಬಂದಾಗ ಇಳಿಸಬೇಕು. ಇನ್ನೊಂದು ಗುಟ್ಟು ಇದೆ. ಹೆಚ್ಚಿದ ಕೂಡಲೇ ಒಲೆ ಮೇಲೆ ಇಡಬಾರದು. ಅರ್ಧ ಗಂಟೆ ಹಾಗೇ ಬಿಡಬೇಕು. ಕತ್ತರಿಸಿದ ಮೇಲೇನೇ ಅದರೊಳಗೆ ಒಂದು ಒಳ್ಳೇ ವಸ್ತು ಹುಟ್ಟುತ್ತೆ. ತಕ್ಷಣ ಬಿಸಿ ತಾಗಿದ್ರೆ ಹುಟ್ಟೋದೇ ಕಮ್ಮಿ. ಅದು ಮೈಗೆ ಏನೇನು ಮಾಡುತ್ತೆ ಅಂತ ತಿಳಿದೋರು ಇನ್ನೂ ಪರೀಕ್ಷೆ ಮಾಡ್ತಿದಾರೆ."

"ದಂಟು ಬಿಸಾಕೋದಾ?"

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ದಂಟಿನ ಮೇಲೆ ಕೈಯಿಟ್ಟರು. "ಕಟ್‌ಪೀಸ್ ಯಾರಾದ್ರೂ ಬಿಸಾಕ್ತಾರೇನೇ? ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚು."

ಅಕ್ಕ ಒಂದು ಸಣ್ಣ ತುಂಡು ಮುರಿದು ಮೂಸಿದರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ.

"ಇದು ಸೊಪ್ಪಲ್ವಲ್ಲ?"

"ಛೆ, ಸೊಪ್ಪೆಲ್ಲಿ ಬಂತಕ್ಕ? ಹೂವು ಇದು, ಹೂವು. ಹೂಕೋಸಿನ ತಮ್ಮ. ಧಾರಾಳವಾಗಿ ತಿನ್ನಿ" ಎಂದೆ. ಯಾವ ಅನುಮಾನವೂ ಇಲ್ಲದೆ, ಎದೆ ಉಬ್ಬಿಸಿ ಎಂದೆ.

ಮುಂದಿನ ಮೂರು ವಾರ ಆ ಮನೆಯಲ್ಲಿ ಬ್ರಾಕೊಲಿಯದೇ ರಾಜ್ಯಭಾರ. ಅಣ್ಣ ಬರೆಯುವುದನ್ನು ಬಿಡಲಿಲ್ಲ. "ರೂಢಿ ಆಗೋಯ್ತು ಸಾರ್, ಬರೀದೆ ಕೈ ತೊಳೆದ್ರೆ ಊಟ ಮಾಡಿದ ಹಾಗೇ ಆಗಲ್ಲ." ಅಕ್ಕ ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿ ಒಂದು ಸುತ್ತು ಬಾಡಿಸಿ ಕೊಡುತ್ತಿದ್ದರು. ಅಣ್ಣನಿಗೆ ಅದು ಔಷಧಿ, ಅಕ್ಕನಿಗೆ ಪ್ರಾಣ. ಗಂಡ ಕಾಲು ಭಾಗ ತಿಂದು ತಟ್ಟೆ ಸರಿಸಿದರೆ ಉಳಿದ ಮುಕ್ಕಾಲು ಆಕೆಯ ಪಾಲು. ಅಣ್ಣನ ಹೊಟ್ಟೆ ಗಡಿಯಾರದಂತೆ ನಡೆಯತೊಡಗಿತು. "ನಿಮ್ಮಿಂದ ಉಪಕಾರ ಆಯ್ತು ಸಾರ್" ಎಂದು ಅವರು ಬೀದಿಯಲ್ಲಿ ನಾಲ್ಕು ಜನ ಕೇಳುವ ಹಾಗೆ ಹೇಳಿದರು. ನಾನು ಬೇಡ ಬೇಡ ಎನ್ನುತ್ತಾ, ಐದನೆಯವನೂ ಕೇಳಿದನೇ ಎಂದು ನೋಡಿದೆ.

ನಾಲ್ಕನೆಯ ವಾರ ಅಕ್ಕನ ತಿಂಗಳ ಪರೀಕ್ಷೆ. ಬೆಳಿಗ್ಗೆ ರಕ್ತ ಕೊಟ್ಟು ಬಂದಿದ್ದರು. ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದಲೇ ಫೋನು: ಕೂಡಲೇ ಬನ್ನಿ, ತಡ ಮಾಡಬೇಡಿ. ಅಣ್ಣ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ನನ್ನ ಮನೆಯ ಬಾಗಿಲು ತಟ್ಟಿದರು. ನನ್ನ ಬಳಿ ಹಳೆಯದೊಂದು ಕಾರಿದೆ. ದಾರಿಯುದ್ದಕ್ಕೂ ಆ ಟಿಕ್ ಟಿಕ್ ಹಿಂದಿನ ಸೀಟಿನಿಂದ ಕೇಳಿಸುತ್ತಿತ್ತು. ಅದು ಕೇಳಿಸುತ್ತಿದ್ದರೆ ಸಾಕು ಎನ್ನುವಂತೆ ಅಣ್ಣ ಆಕೆಯ ಕಡೆಗೆ ತಲೆ ವಾಲಿಸಿ ಕೂತಿದ್ದರು.

ಹೃದಯದ ಡಾಕ್ಟರಮ್ಮ ನೇರ ವಿಷಯಕ್ಕೆ ಬಂದರು. "ನಿಮ್ಮ ರಕ್ತ ಪರೀಕ್ಷೆ ನಂಬರ್ ಎರಡೂವರೆಯಿಂದ ಮೂರೂವರೆ ಒಳಗಿರಬೇಕು. ಆರು ವರ್ಷ ಇತ್ತು. ಇವತ್ತು ಒಂದು ಪಾಯಿಂಟ್ ಆರು. ರಕ್ತ ಬೇಗ ಹೆಪ್ಪುಗಟ್ಟೋ ಸ್ಥಿತೀಲಿದೆ. ಕವಾಟದ ಮೇಲೆ ಗಂಟು ಕೂತ್ರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಾತ್ರೆ ಬಿಟ್ರಾ?"

ಅಕ್ಕನ ಮುಖ ಕೆಂಪಾಯಿತು. "ಇಲ್ಲಮ್ಮ. ಒಂದು ದಿನಾನೂ ಇಲ್ಲ."

"ಮರೆತಿರಬಹುದು. ವಯಸ್ಸಾಗ್ತಾ..."

"ಮರೆಯೋದು ನಮ್ಮನೇಲಿ ಇಲ್ಲ ಮೇಡಂ" ಎಂದರು ಅಣ್ಣ, ಸ್ವಲ್ಪ ಗಟ್ಟಿಯಾಗಿ.

"ಬೇರೆ ಔಷಧಿ? ಪುಡಿ, ಕಷಾಯ? ಊಟದಲ್ಲೇನಾದ್ರೂ ಬದಲಾಗಿದೆಯಾ?"

"ಏನೂ ಇಲ್ಲ. ಸೊಪ್ಪು ಯಾವತ್ತಿನಷ್ಟೇ. ನನಗೆ ಎಲ್ಲಾ ನೆನಪಿದೆ" ಎಂದರು ಅಣ್ಣ. ಹದಿನೆಂಟು ವರ್ಷದ ಹಿಂದಿನ ಭುಜವನ್ನು ನೆನಪಿಟ್ಟವರು ಇದನ್ನು ಪ್ರಮಾಣ ಮಾಡುವಂತೆ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಸೊಪ್ಪು ನಿಜಕ್ಕೂ ಅಷ್ಟೇ ಇತ್ತು. ನನಗೂ ಏನೂ ಹೊಳೆಯಲಿಲ್ಲ. ಪಂಡಿತ ಮೂಲೆಯಲ್ಲಿ ಬೆವರುತ್ತಾ ನಿಂತಿದ್ದ.

ಡಾಕ್ಟರಮ್ಮ ಹೊಟ್ಟೆಗೆ ಕೊಡುವ ಇಂಜೆಕ್ಷನ್ ಬರೆದರು, ಎದೆಯ ಸ್ಕ್ಯಾನಿಗೆ ಹೇಳಿದರು. "ಕಾರಣ ಗೊತ್ತಾಗದೆ ಮಾತ್ರೆ ಏರಿಸೋಕೂ ಭಯ. ಆ ಕಾರಣ ನಾಳೆ ತಾನಾಗೇ ಹೋದ್ರೆ ರಕ್ತ ವಿಪರೀತ ತೆಳ್ಳಗಾಗುತ್ತೆ. ಸರಿಯಾಗಿ ಯೋಚನೆ ಮಾಡಿ."

ಆಗ ಅಕ್ಕ ಮೆಲ್ಲಗೆ ಹೇಳಿದರು, "ರೀ, ಪುಸ್ತಕ ತೋರಿಸ್ರೀ."

ಊಟದ ಜೊತೆ, ಮರೀಬೇಡಿ ಎಂದಿದ್ದರಲ್ಲ, ಪುಸ್ತಕ ಅಣ್ಣನ ಚೀಲದಲ್ಲೇ ಇತ್ತು. ಡಾಕ್ಟರಮ್ಮ ಪುಟ ತಿರುವಿದರು. ತಾರೀಖು, ಹೊತ್ತು, ನನಗೆಷ್ಟು, ಇವಳಿಗೆಷ್ಟು. ಅವರ ಹುಬ್ಬು ಮೇಲೇರಿತು. "ನನ್ನ ಯಾವ ರೋಗಿಯೂ ಇಷ್ಟು ಚೆನ್ನಾಗಿ ಬರೆದಿಟ್ಟಿಲ್ಲ." ಮತ್ತೆ ತಿರುವಿದರು, ಒಂದು ಸಾಲಿನಲ್ಲಿ ನಿಂತರು. "ಇಲ್ಲಿ ಅಂಗಡಿ ಅಳತೇನೂ ಸೇರಿಕೊಂಡಿದೆ."

"ಇಲ್ಲ ಮೇಡಂ, ಬರೀ ಊಟದ್ದು."

"ಮತ್ತೆ ಇದು? 'ಬ್ರಾ ಒಂದು, ನನಗೆ ಕಾಲು, ಇವಳಿಗೆ ಮುಕ್ಕಾಲು.'"

ನರ್ಸ್ ಕಿಟಕಿಯ ಕಡೆ ತಿರುಗಿದಳು. ಅಣ್ಣನ ಕಿವಿಯವರೆಗೂ ರಕ್ತ ಏರಿತು. "ಅಯ್ಯೋ, ನಾನು ಗಂಡಸರ ಟೈಲರ್ ಮೇಡಂ! ಪೂರ್ತಿ ಬರೆಯೋಕೆ ಕಷ್ಟ ಅಂತ ಹಾಗೆ... ಅದು ಬ್ರಾಕೊಲಿ."

ಡಾಕ್ಟರಮ್ಮ ನಗಲಿಲ್ಲ. ಬೆರಳನ್ನು ಆ ಸಾಲಿನ ಮೇಲೇ ಇಟ್ಟು ಹಿಂದಕ್ಕೆ ಹೋದರು. ಮೊದಲ ಮೂರು ತಿಂಗಳ ಪುಟಗಳಲ್ಲಿ ಆ ಪದವಿಲ್ಲ. ಆಮೇಲೆ ಒಂದು ಬುಧವಾರದಿಂದ ದಿನಕ್ಕೆ ಒಂದು ಸಲ, ಕೆಲವು ದಿನ ಎರಡು. ಇವಳಿಗೆ ಮುಕ್ಕಾಲು, ಇವಳಿಗೆ ಮುಕ್ಕಾಲು, ಇವಳಿಗೆ ಪೂರ್ತಿ.

"ಸಿಕ್ತು" ಎಂದರು. "ಇದರಲ್ಲಿ ಕೆ ವಿಟಮಿನ್ ತುಂಬಾ ಇದೆ. ಅದು ರಕ್ತ ಹೆಪ್ಪುಗಟ್ಟೋಕೆ ಸಹಾಯ ಮಾಡುತ್ತೆ. ನಿಮ್ಮ ಮಾತ್ರೆ ಎಳೆಯೋದು ಒಂದು ಕಡೆ, ಇದು ಎಳೆಯೋದು ಇನ್ನೊಂದು ಕಡೆ."

"ಹೂವು ಅಂದ್ರು..." ಎಂದರು ಅಕ್ಕ. ಯಾರು ಅಂದರು ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆ ದೊಡ್ಡತನಕ್ಕೆ ನಾನು ಇವತ್ತಿಗೂ ಋಣಿ.

"ನಾನೇ ಅಂದಿದ್ದು" ಎಂದೆ.

"ಹೂಕೋಸಾದ್ರೆ ಚಿಂತೆ ಇರಲಿಲ್ಲ, ಅದರಲ್ಲಿ ಕಮ್ಮಿ. ಇದು ಹೆಸರಿಗೆ ಹೂವು, ಈ ವಿಷಯದಲ್ಲಿ ಸೊಪ್ಪಿನ ಪಂಗಡ. ತಪ್ಪು ನಿಮ್ಮೊಬ್ಬರದ್ದಲ್ಲ. ನಾವು ಸೊಪ್ಪು ಅಂತಷ್ಟೇ ಹೇಳಿ ಬಿಟ್ಟಿದ್ವಿ" ಎಂದರು ಡಾಕ್ಟರಮ್ಮ.

ಸ್ಕ್ಯಾನಿನಲ್ಲಿ ಕವಾಟದ ಮೇಲೆ ಏನೂ ಕೂತಿರಲಿಲ್ಲ. ಆ ಮಾತು ಕೇಳಿ ಅಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದು ಕೂತು, ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. "ಸಾರ್, ನನ್ನ ತಲೆ ನಂಬಿದ್ದಿದ್ರೆ ಇವಳನ್ನ ಕಳ್ಕೋತಿದ್ದೆ" ಎಂದರು. "ನನ್ನ ಮಾತು ನಂಬಿದ್ದಕ್ಕೇ ಇಲ್ಲಿಗೆ ಬಂದ್ರಿ" ಎಂದೆ. "ಹಂಗಾದ್ರೆ ನಮ್ಮಿಬ್ಬರನ್ನೂ ಉಳಿಸಿದ್ದು ನನ್ನ ಕಿವುಡು ಕಿವಿ" ಎಂದರು. ಇಬ್ಬರೂ ನಕ್ಕೆವು. ಅಣ್ಣನ ಕಣ್ಣು ಒದ್ದೆಯಾಗಿತ್ತು. ನನ್ನದನ್ನು ನಾನು ನೋಡಿಕೊಳ್ಳಲಿಲ್ಲ.

ನಾಲ್ಕು ದಿನ ಇಂಜೆಕ್ಷನ್ ನಡೆಯಿತು, ನಂಬರು ಮೇಲೆ ಬಂತು. ಮನೆಗೆ ಕಳಿಸುವಾಗ ಅಕ್ಕ ತಾವೇ ಹೇಳಿದರು, "ಇನ್ನು ಅದನ್ನ ಮುಟ್ಟಲ್ಲ ಬಿಡಿ." ಡಾಕ್ಟರಮ್ಮ ಅಡ್ಡಡ್ಡ ತಲೆಯಾಡಿಸಿದರು. "ಮುಟ್ಟಬೇಡಿ ಅಂತ ನಾನು ಹೇಳಿಲ್ಲ. ಒಳ್ಳೇ ತರಕಾರಿ, ನಿಮಗೂ ಒಳ್ಳೇದೇ. ದಿನಾ ಸ್ವಲ್ಪ, ದಿನಾ ಅಷ್ಟೇ. ಅದಕ್ಕೆ ತಕ್ಕ ಹಾಗೆ ಮಾತ್ರೆ ನಾನು ಹೊಂದಿಸ್ತೀನಿ. ಸ್ವಲ್ಪ ದಿನ ವಾರವಾರ ರಕ್ತ ಕೊಡಿ. ಅಳತೆ ಮಾತ್ರ ನನಗೆ ಹೇಳದೆ ಬದಲಾಯಿಸಬೇಡಿ."

"ಒಂದೇ ಅಳತೆ" ಎಂದರು ಅಣ್ಣ. ಅವರ ಜೀವಮಾನದಲ್ಲಿ ಯಾವ ಡಾಕ್ಟರೂ ಇಷ್ಟು ಸ್ಪಷ್ಟವಾಗಿ ಅವರ ಭಾಷೆಯಲ್ಲಿ ಮಾತಾಡಿರಲಿಲ್ಲ.

ಬೀದಿಯ ಡಾಕ್ಟರಿಗೂ ಕಥೆ ಮುಟ್ಟಿತು. ಪಾಪ, ಬಹಳ ನೊಂದುಕೊಂಡರು. ಈಗ ಏನೇ ಹೇಳುವುದಿದ್ದರೂ ಮಾಸ್ಕು ಇಳಿಸಿ, ಮನೆಯಲ್ಲಿ ಯಾರು ಯಾವ ಮಾತ್ರೆ ನುಂಗುತ್ತಾರೆ ಎಂದು ಕೇಳಿಯೇ ಹೇಳುತ್ತಾರೆ. ಎಲ್ಲರಿಗೂ "ತಿಂದದ್ದು ದಿನಾ ಬರ್ಕೊಳ್ಳಿ" ಎಂದೂ ಸಲಹೆ ಕೊಡತೊಡಗಿದ್ದಾರೆ. ಕಳೆದ ತಿಂಗಳು ಅದನ್ನು ಕೇಳಿಸಿಕೊಂಡ ಇಸ್ತ್ರಿ ಅಂಗಡಿಯವನು ನೇರ ತರಕಾರಿ ಅಂಗಡಿಗೆ ಹೋಗಿ ಎರಡು ಕಿಲೋ ಬ್ರಾಕೊಲಿ ಕೊಂಡನಂತೆ.

ಮೊನ್ನೆ ಅರ್ಧಿಂಚಣ್ಣ ಊಟಕ್ಕೆ ಕರೆದಿದ್ದರು. ಗುಂಡಿಗಳನ್ನೆಲ್ಲ ಬೇರೆ ಕಡೆ ಸುರಿದು, ಆ ಡಬ್ಬಿಯನ್ನು ಉಜ್ಜಿ ತೊಳೆದು ಅಳತೆಗೆ ಇಟ್ಟುಕೊಂಡಿದ್ದಾರೆ. ಡಾಕ್ಟರಮ್ಮ ಹೇಳಿದ ಅಳತೆಗೆ ಒಳಗಡೆ ಒಂದು ಗೆರೆ ಕೊರೆದಿದ್ದಾರೆ. ಅಕ್ಕ ಬೆಂದ ಬ್ರಾಕೊಲಿಯನ್ನು ಗೆರೆಯವರೆಗೆ ತುಂಬಿ ತಮ್ಮ ತಟ್ಟೆಗೆ ಹಾಕಿಕೊಂಡರು, ಅದೇ ಡಬ್ಬಿಯಲ್ಲಿ ಗಂಡನಿಗೂ ಹಾಕಿದರು. ಉಳಿದದ್ದು, ದಂಟಿನ ಸಮೇತ, ನನಗೆ. ನಾನು ತಟ್ಟೆ ಖಾಲಿ ಮಾಡಿದೆ. ಯಾವ ವಿಟಮಿನ್ನಿನ ಹೆಸರನ್ನೂ ಎತ್ತಲಿಲ್ಲ. ಬೆಳ್ಳುಳ್ಳಿಯ ಘಮ, ಹಲ್ಲಿಗೆ ಸ್ವಲ್ಪ ಗರಿಗರಿ ಎನ್ನುವ ದಂಟು. ರುಚಿಯಾಗಿತ್ತು. ಇಷ್ಟು ದಿನ ಅದರ ಗುಣಗಾನ ಮಾಡಿದ್ದೆನೇ ಹೊರತು ಸರಿಯಾಗಿ ತಿಂದೇ ಇರಲಿಲ್ಲ ಎಂದು ಆಗ ಗೊತ್ತಾಯಿತು.

ಊಟದ ನಡುವೆ ಆ ಸದ್ದು ಕೇಳಿಸಿತು. ಟಿಕ್, ಟಿಕ್, ಟಿಕ್.

ಅಣ್ಣ ಎಡಗೈಯಲ್ಲಿ ಪುಸ್ತಕ ಹಿಡಿದು ಬಲಗೈಗೆ ಪೆನ್ನು ಹುಡುಕುತ್ತಿದ್ದರು.

"ಇದನ್ನೂ ಬರ್ಕೊಳ್ತೀರಾ ಅಣ್ಣ?" ಎಂದು ಆ ಸದ್ದಿನ ಕಡೆ ತೋರಿಸಿದೆ.

"ಅದು ಬೇಡ ಸಾರ್" ಎಂದರು. "ಅದು ನನಗೆ ನೆನಪಿರುತ್ತೆ."

"ನೆನಪಿನ ಜಂಬ ಆಮೇಲೆ ಕೊಚ್ಕೊಳ್ಳಿ" ಎಂದರು ಅಕ್ಕ. "ಮೊದಲು ಕೈ ತೊಳ್ಕೊಳ್ಳಿ. ಪುಸ್ತಕಕ್ಕೆಲ್ಲಾ ಎಣ್ಣೆ."